ನಲ್ಲಿ ನೀರಿನ ಕಹಿ

ಅವಳ ಕೋಣೆಗೆ ಬಂದವರೆಲ್ಲ ಮುಖ ಸಿಂಡರಿಸಿಕೊಂಡೇ ಹೋಗುತ್ತಿದ್ದರು. ಅದಕ್ಕೇ ಆಸ್ಪತ್ರೆಯವರು ಅವಳಿಗೆ ಕಹಿ ಮೇಡಂ ಎಂದು ಹೆಸರಿಟ್ಟಿದ್ದರು. ಉಸಿರಿನಿಂದ ಹರಡುವ ಜ್ವರ ಊರೆಲ್ಲ ಹಬ್ಬಿದ ಮೇಲೆ, ಆಪರೇಷನ್ ಥಿಯೇಟರಿಗೆ ಹೋಗುವ ಪ್ರತಿಯೊಬ್ಬರ ಮಾಸ್ಕೂ ಮುಖಕ್ಕೆ ಸರಿಯಾಗಿ ಕೂತಿದೆಯೇ ಎಂದು ನೋಡುವುದು ಅವಳ ಕೆಲಸ. ಮಾಸ್ಕ್ ಹಾಕಿಸಿ, ತಲೆಗೆ ಪ್ಲಾಸ್ಟಿಕ್ ಗವುಸು ಇಳಿಸಿ, ಅದರ ತೂತಿನಿಂದ ಕಹಿ ದ್ರಾವಣ ಸಿಂಪಡಿಸುತ್ತಿದ್ದಳು. ಬಾಯಿಗೆ ಕಹಿ ಬಂದರೆ ಮಾಸ್ಕ್ ಸೋರುತ್ತಿದೆ ಎಂದರ್ಥ. ಬಂತೋ ಇಲ್ಲವೋ, ಅದು ಒಳಗಿದ್ದವರಿಗೆ ಮಾತ್ರ ಗೊತ್ತು.

ಈ ಪರೀಕ್ಷೆಯಲ್ಲಿ ಅರಿವಳಿಕೆ ಡಾಕ್ಟರ್ ಎರಡು ಸಲ ಫೇಲಾಗಿದ್ದ. ರೋಗಿಯ ಗಂಟಲಿಗೆ ನಳಿಕೆ ಇಳಿಸುವವನು ಅವನೇ, ಅಪಾಯ ಎಲ್ಲರಿಗಿಂತ ಅವನಿಗೇ ಹೆಚ್ಚು. ಹಾಗಾಗಿ ಅವನ ಮೇಲೆ ತುಸು ಜಾಸ್ತಿ ಕಾಳಜಿ ಎಂದು ಅವಳು ತನಗೆ ತಾನೇ ಹೇಳಿಕೊಂಡಿದ್ದಳು. ಅವನು ಬರುವ ದಿನ ಕನ್ನಡಿ ಮುಂದೆ ಹೆಚ್ಚು ಹೊತ್ತು ನಿಲ್ಲುವುದಕ್ಕೂ ಸೋಂಕಿಗೂ ಏನು ಸಂಬಂಧವೋ, ಅವಳೇ ಹೇಳಬೇಕು.

ಮೂರನೆಯ ಸಲ ಬಂದಾಗ ಮಾಸ್ಕಿನ ಅಂಚಿನ ಸುತ್ತ ಬೆರಳಾಡಿಸಿ ನೋಡಿದಳು. ಎಲ್ಲೂ ಸಂದಿ ಇರಲಿಲ್ಲ. ಗವುಸಿನೊಳಗೆ ಅವನ ಕಣ್ಣುಗಳು ನಗುತ್ತಿದ್ದವು. ಅನುಮಾನ ಬಂದು, ಅವನಿಗೆ ಬೆನ್ನು ಮಾಡಿ ಬೇರೆ ಬಾಟಲಿ ಎತ್ತಿಕೊಂಡು, ತೂತಿನಿಂದ ಸಿಂಪಡಿಸಿದಳು.

"ತಲೆ ಎಡಕ್ಕೆ ತಿರುಗಿಸಿ. ಬಲಕ್ಕೆ. ಈಗ ಏನಾದ್ರೂ ಮಾತಾಡಿ."

"ನಿಮ್ಮ ನೀಲಿ ಕ್ಯಾಪ್ ಚೆನ್ನಾಗಿದೆ."

"ಆಸ್ಪತ್ರೆಯವರು ಕೊಟ್ಟಿದ್ದು. ಎಲ್ಲರ ತಲೆ ಮೇಲೂ ಇದೆ."

"ಎಲ್ಲರಿಗೂ ಒಪ್ಪಲ್ಲ ಮೇಡಂ."

"ಕಹಿ ಬಂತಾ?"

"ಅಯ್ಯೋ, ಬಲು ಕಹಿ. ನಾಳೆ ಮತ್ತೆ ಬರ್ಬೇಕೇನೋ."

"ಅದು ನಲ್ಲಿ ನೀರು ಡಾಕ್ಟ್ರೇ."

ಡಾಕ್ಟರ್ ಇಂಗು ತಿಂದ ಮಂಗನ ಹಾಗಾದ. ಪಕ್ಕದಲ್ಲಿ ಗೌನು ಮಡಿಸುತ್ತಿದ್ದ ಥಿಯೇಟರಿನ ಹಿರಿಯ ನರ್ಸ್, ಎಲ್ಲರೂ ಅಕ್ಕ ಎಂದೇ ಕರೆಯುವವರು, ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳಿಗೂ ನಗು ಉಕ್ಕಿತು, ಅದರ ಬೆನ್ನಿಗೇ ಸಿಟ್ಟು ಬಂತು.

"ನನ್ನ ನೋಡೋಕೆ ಸುಳ್ಳು ಹೇಳಿದ್ರಿ, ಸರಿ. ನಾಳೆ ಅವಸರದಲ್ಲಿ, ಸೋರೋ ಮಾಸ್ಕ್ ಹಾಕ್ಕೊಂಡು ಕಹಿ ಇಲ್ಲ ಅಂದ್ರೆ? ಜ್ವರ ಬಂದು ನೀವು ಮಲಗಿದ್ರೆ ಇಡೀ ಟೀಮ್ ಮಲಗುತ್ತೆ. ನಿಮ್ಮ ಮಾತು ಬಿಟ್ರೆ ನಂಗೆ ಬೇರೆ ಗತಿ ಇಲ್ಲ."

ಅವನು ನಿಜವಾದ ದ್ರಾವಣದಲ್ಲಿ ಪಾಸಾಗಿ, ತಲೆ ತಗ್ಗಿಸಿಕೊಂಡು ಹೋದ. ಅವಳಿಗೆ ಅಳು ಬರುವಂತಾಯಿತು. ಮಾತನ್ನೇ ನಂಬಲಾಗದವನ ಜೊತೆ ಬಾಳುವುದು ಹೇಗೆ? ನೋಡಿ, ಯೋಚನೆ ಆಗಲೇ ಬಾಳುವ ತನಕ ಹೋಗಿತ್ತು.

ಕೆಲವು ವಾರಗಳ ಮೇಲೆ ಹಳೆಯವು ಮುಗಿದು ಬೇರೆ ಕಂಪನಿಯ ಮಾಸ್ಕ್ ಬಂದು, ಎಲ್ಲರಿಗೂ ಮತ್ತೆ ಪರೀಕ್ಷೆ ಆಯಿತು. ಅದೇ ಬೆಳಿಗ್ಗೆ ಅವನಿಗೆ ವಿದ್ಯೆ ಕಲಿಸಿದ ಮೇಷ್ಟ್ರ ಆಪರೇಷನ್. ತನ್ನನ್ನು ಮಲಗಿಸುವವನು ತನ್ನ ಶಿಷ್ಯನೇ ಆಗಬೇಕೆಂದು ಅವರು ಹಟ ಹಿಡಿದಿದ್ದರು. ಒಳಗೆ ಎಲ್ಲ ಸಿದ್ಧವಾಗಿ ಇವನಿಗಾಗಿ ಕಾಯುತ್ತಿದ್ದರು.

ಅವಳು ದ್ರಾವಣ ಸಿಂಪಡಿಸಿದಳು. ಅವನು ಥಿಯೇಟರಿನ ಬಾಗಿಲ ಕಡೆ ನೋಡಿದ. ಇಲ್ಲ ಎಂದರೆ ಸಾಕು, ಒಳಗೆ ಹೋಗಬಹುದು.

"ಕಹಿ ಬರ್ತಿದೆ ಮೇಡಂ," ಎಂದ ಮೆಲ್ಲಗೆ. "ಮೂಗಿನ ಪಕ್ಕದಿಂದ."

ಅವನ ಅಳತೆಯ ಮಾಸ್ಕ್ ಮಧ್ಯಾಹ್ನಕ್ಕೆ ಮುಂಚೆ ಸಿಗುವಂತಿರಲಿಲ್ಲ. ತನ್ನ ಬದಲು ಹೋಗುವಂತೆ ಇನ್ನೊಬ್ಬ ಡಾಕ್ಟರಿಗೆ ಹೇಳಿ, ಮೇಷ್ಟ್ರಿಗೆ ಫೋನಿನಲ್ಲಿ ವಿಷಯ ತಿಳಿಸಿ, ಥಿಯೇಟರಿನ ಹೊರಗಿನ ಬೆಂಚಿನಲ್ಲಿ ಕೂತ. ಕೋಣೆಯ ಕೆಲಸ ಮುಗಿಸಿ ಅವಳೂ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.

"ಮೇಷ್ಟ್ರು ಬೇಜಾರು ಮಾಡ್ಕೊಂಡ್ರಾ?"

"ಮೊದಲು ಬೈದ್ರು. ಆಮೇಲೆ, ನನ್ನ ಮರ್ಯಾದೆ ಉಳಿಸಿದೆ ಕಣೋ ಅಂದ್ರು."

ಬಹಳ ಹೊತ್ತಾದ ಮೇಲೆ ಅಕ್ಕ ಬಾಗಿಲಲ್ಲಿ ತಲೆ ಹಾಕಿದರು. "ಎಲ್ಲ ಚೆನ್ನಾಗಾಯ್ತು. ನಿಮ್ಮ ಮೇಷ್ಟ್ರು ಕಣ್ಣು ಬಿಟ್ರು, ಮಾತೂ ಶುರು ಮಾಡಿದ್ದಾರೆ." ಇಬ್ಬರನ್ನೂ ಒಮ್ಮೆ ನೋಡಿ, ಬಾಗಿಲು ಹಾಕಿಕೊಂಡರು.

ಅವನು ದೊಡ್ಡದಾಗಿ ಉಸಿರು ಬಿಟ್ಟ. "ಅಮ್ಮನಿಗೆ ನಿಮ್ಮ ವಿಷಯ ಹೇಳಿಬಿಟ್ಟಿದ್ದೀನಿ."

"ನನ್ನ ಕೇಳದೇನಾ?"

"ಅಮ್ಮನೂ ಅದೇ ಬೈದ್ಲು. ಮೊದಲು ಆ ಹುಡುಗಿನ ಕೇಳೋ ದಡ್ಡ ಅಂದ್ಲು."

"ಮತ್ತೆ ಕೇಳಿ."

ಅವನು ಕೇಳಿದ. ಕಿವಿಗಳು ಕೆಂಪಾಗಿದ್ದವು. ಮದುವೆ ಆಗ್ತೀರಾ, ನೀವಂದ್ರೆ ನಂಗೆ ತುಂಬಾ ಇಷ್ಟ ಎಂದ.

"ಹ್ಞೂಂ," ಎಂದಳು ಅವಳು, ನಗುತ್ತ. "ನಂಬ್ತೀನಿ."