ರೆಕ್ಕೆ ನಿಲ್ಲುವ ತನಕ

ನಾನು ಪುಕ್ಕಲಿ. ಜಿರಳೆಗೂ ಹೆದರುತ್ತೇನೆ, ಗುಡುಗಿಗೂ ಹೆದರುತ್ತೇನೆ, ಎಲ್ಲಕ್ಕಿಂತ ಹೆಚ್ಚಾಗಿ ನಮ್ಮಪ್ಪ ರಂಗನಾಯಕರಿಗೆ ಹೆದರುತ್ತೇನೆ. ಅದಕ್ಕೇ ಟ್ರ್ಯಾಕ್ಟರ್ ಮಾದಸ್ವಾಮಿ ಯುಗಾದಿ ಹೊತ್ತಿಗೆ ಕೇಳಿದ ಒಂದು ಮಾತಿಗೆ ಆಷಾಢ ಬಂದರೂ ಉತ್ತರ ಕೊಟ್ಟಿರಲಿಲ್ಲ.

ಅವನು ಕೇಳಿದ್ದು ಇಷ್ಟೇ. "ನಿಮ್ಮಪ್ಪಾರ ತಾವ ಮಾತಾಡ್ಲಾ, ಪದ್ಮಿನಿ?"

ಹೂಂ ಅನ್ನಲು ಧೈರ್ಯವಿಲ್ಲ, ಬೇಡ ಅನ್ನಲು ಮನಸ್ಸಿಲ್ಲ. ಅವನ ಜಾತಿಯೇ ಬೇರೆ. ನಮ್ಮ ಜಾತಿ ಬಿಟ್ಟು ಹೆಣ್ಣು ಕೊಟ್ಟರೆ ಮೀಸೆ ಬೋಳಿಸಿಕೊಳ್ಳುತ್ತೇನೆ ಎಂದು ಅಪ್ಪ ಜಗಲಿಯ ಮೇಲೆ ಕೂತು ಹತ್ತು ಜನರ ಮುಂದೆ ಹೇಳಿದ್ದರು. 

ಅದು ತೊಂಬತ್ತನಾಲ್ಕನೇ ಇಸವಿ. ಹನೂರಿಗೆ ಮಿನಿಸ್ಟರು ಹೆಲಿಕಾಪ್ಟರಿನಲ್ಲಿ ಬರುತ್ತಾರೆಂದು ಸ್ಕೂಲಿನ ಮೈದಾನ ಸಜ್ಜು ಮಾಡಿದ್ದರು. ಹಿಂದಿನ ದಿನ ಟ್ರಯಲ್. ಮೈದಾನದ ಕೆಲಸಕ್ಕೆ ಅಪ್ಪನೇ ಮೇಸ್ತ್ರಿ. ಧೂಳು ಏಳದಂತೆ ನೀರು ಬಿಡಲು ಮಾದಸ್ವಾಮಿಯ ಟ್ರ್ಯಾಕ್ಟರ್, ಹಿಂದೆ ಕಟ್ಟಿದ ಟ್ಯಾಂಕರ್. ಆಂಬುಲೆನ್ಸಿನ ಜೊತೆ ನರ್ಸಾಗಿ ನಾನು. ಮೂವರೂ ಒಂದೇ ಮೈದಾನದಲ್ಲಿ! 

ಹೆಲಿಕಾಪ್ಟರಿನ ಕಡೆಯ ಸಾಹೇಬರೊಬ್ಬರು ಮೊದಲೇ ಬಂದು, ಸುಣ್ಣದ ಗೆರೆ ಹಾಕಿಸಿ, ನಮ್ಮನ್ನೆಲ್ಲ ನಿಲ್ಲಿಸಿ ಪಾಠ ಹೇಳಿದರು.

"ಇದಕ್ಕೆ ಚಕ್ರ ಇದೆ. ಇಳಿದ ಮೇಲೆ ಬಸ್ಸಿನ ಹಾಗೆ ಉರುಳಿಕೊಂಡು ಬದಿಗೆ ಬರುತ್ತೆ. ಆಗ ಯಾವ ಗಾಡಿಯೂ ಗೆರೆ ದಾಟಬಾರದು. ಅಕಸ್ಮಾತ್ ಒಳಗೆ ಸಿಕ್ಕಿಕೊಂಡರೆ ಇದ್ದಲ್ಲೇ ನಿಲ್ಲಿಸಿ, ಹಿಂದೆ ಮುಂದೆ ಆಡಿಸಬೇಡಿ. ಎಂಜಿನ್ ಆಫ್ ಆದ ಮೇಲೂ ರೆಕ್ಕೆ ನಿಲ್ಲೋ ತನಕ ಹತ್ತಿರ ಹೋಗಬೇಡಿ. ವೇಗ ಇಳಿದಷ್ಟೂ ರೆಕ್ಕೆ ಕೆಳಕ್ಕೆ ಜೋಲುತ್ತೆ. ತಲೆ ಹಾರಿಸಿಬಿಡುತ್ತೆ."

ನನ್ನ ಕೈ ತಾನಾಗಿ ಕತ್ತಿಗೆ ಹೋಯಿತು. ಟ್ರ್ಯಾಕ್ಟರಿನ ಸೀಟಿನಿಂದ ಮಾದಸ್ವಾಮಿ ಓರೆಗಣ್ಣಲ್ಲಿ ನೋಡಿ ನಕ್ಕ.

"ನೀನ್ಯಾಕಮ್ಮಿ ಕತ್ ಮುಟ್ಕತೀಯೆ? ಟ್ಯಾಂಕರ್ ಓಡ್ಸೋನು ನಾನು."

"ನಿಂದೂ ಸೇರ್ಸಿ ಮುಟ್ಕಂಡೆ," ಅಂದುಬಿಟ್ಟೆ. ಅಂದ ಮೇಲೆ ಕಿವಿಯವರೆಗೂ ಬಿಸಿಯಾಯಿತು.

ಅವನ ನಗು ನಿಂತುಹೋಯಿತು. ಸ್ಟೇರಿಂಗಿನ ಮೇಲೆ ಬೆರಳಾಡಿಸುತ್ತ ನನ್ನನ್ನೇ ನೋಡಿದ. ಆ ನೋಟಕ್ಕೆ ನಾನು ಸೆರಗು ಸರಿಮಾಡಿಕೊಂಡೆ, ಸರಿಯಾಗಿಯೇ ಇದ್ದರೂ.

"ಅಂಗಾರೆ ಇವತ್ತೇ ಮಾತಾಡ್ತೀನಿ."

"ಸುಮ್ಕಿರು ಮಾದಸ್ವಾಮಿ, ಅಪ್ಪ ನೋಡ್ತಾವ್ರೆ!"

ಅಷ್ಟರಲ್ಲಿ ಆಕಾಶ ಗುಡುಗಿತು. ಹೆಲಿಕಾಪ್ಟರ್ ಇಳಿಯಿತು. ಎಷ್ಟು ನೀರು ಬಿಟ್ಟಿದ್ದರೂ ಕೆಂಪು ಧೂಳು ಮುಗಿಲಿಗೆದ್ದಿತು. ಕೆಲಸ ಕೊಟ್ಟ ಇಂಜಿನಿಯರ್ ಬೈಯುತ್ತಾರೆಂದು ಅಪ್ಪನಿಗೆ ದಿಗಿಲು. ಟವೆಲ್ ಬೀಸಿ ಕೂಗಿಕೊಂಡರು.

"ಲೇ ಮಾದಸ್ವಾಮಿ, ಧೂಳು ಏಳ್ತಾದೆ ಕಣ್ಲಾ! ಓಗ್ಲಾ, ನೀರ್ ಬುಡ್ಲಾ!"

ಮಾದಸ್ವಾಮಿ ಗೆರೆ ನೋಡಿದ, ಅಪ್ಪನನ್ನು ನೋಡಿದ. ಇವತ್ತೇ ಹೆಣ್ಣು ಕೇಳಬೇಕೆಂದಿರುವವನು ಹೆಣ್ಣಿನ ಅಪ್ಪನಿಗೆ ಆಗಲ್ಲ ಅನ್ನುತ್ತಾನೆಯೇ? ಗೇರ್ ಹಾಕಿದ. ನನಗೆ ಅಳು ಬಂತು.

ಅವನು ಮಧ್ಯಕ್ಕೆ ಹೋಗುವುದಕ್ಕೂ ಹೆಲಿಕಾಪ್ಟರ್ ಮೂತಿ ತಿರುಗಿಸಿ ಅವನ ಕಡೆಗೇ ಉರುಳುವುದಕ್ಕೂ ಸರಿಹೋಯಿತು. ಧೂಳಿನಲ್ಲಿ ರೆಕ್ಕೆಯೇ ಕಾಣುತ್ತಿರಲಿಲ್ಲ, ಬರೀ ಸದ್ದು. ನಿಲ್ಸು, ಇದ್ದಲ್ಲೇ ನಿಲ್ಸು ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಆದರೆ ಅವನು ಗಾಡಿ ಕಲಿತದ್ದು ಸತ್ತೇಗಾಲದ ನಾಲೆ ಏರಿಯ ಮೇಲೆ. ಅಲ್ಲಿ ಕಬ್ಬು ತುಂಬಿದ ಗಾಡಿ ಎದುರಾದರೆ ಖಾಲಿ ಗಾಡಿಯವನು ಹಿಂದಕ್ಕೆ ಹೋಗಿ ದಾರಿ ಬಿಡಬೇಕು, ಅದು ಮರ್ಯಾದೆ. ಕೈ ಅದನ್ನೇ ಮಾಡಿತು. ರಿವರ್ಸ್ ಹಾಕಿದ. ಹಿಂದಿನ ಟ್ಯಾಂಕರ್ ಅಡ್ಡಕ್ಕೆ ಮಡಚಿಕೊಂಡು ಟ್ರ್ಯಾಕ್ಟರಿಗೆ ಸಿಕ್ಕಿ ನಿಂತಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ.

ಸಾಹೇಬರು ಎರಡೂ ಕೈ ಅಡ್ಡ ಹಿಡಿದು ಓಡಿದರು. ಹೆಲಿಕಾಪ್ಟರ್ ಅವನೆದುರಿಗೇ ನಿಂತಿತು, ಎಂಜಿನ್ ಆಫ್ ಆಯಿತು. ಜನ ಉಸ್ಸೆಂದರು. ನಾನು ಅನ್ನಲಿಲ್ಲ. ಟ್ರ್ಯಾಕ್ಟರಿನ ಮೇಲೆಯೇ ರೆಕ್ಕೆ ಇನ್ನೂ ಸುತ್ತುತ್ತಿತ್ತು. ನಿಧಾನವಾಗಿ, ಕೆಳಕೆಳಕ್ಕೆ.

ಆ ಪುಣ್ಯಾತ್ಮ ಗಾಬರಿಯಲ್ಲಿ, ಟ್ಯಾಂಕರ್ ಏನಾಯಿತೆಂದು ನೋಡಲು, ನನ್ನ ಕಣ್ಣೆದುರಿಗೇ ಮಡ್‌ಗಾರ್ಡ್ ಮೇಲೆ ಕಾಲಿಟ್ಟು ಮೇಲೇಳುತ್ತಿದ್ದ.

ಅವನ ಹೆಸರು ಕೂಗಲು ಬಾಯಿ ತೆರೆದೆ. ಬೀದಿಯಲ್ಲಿ ದಿನಾ ಕೂಗುವ ಹೆಸರು. ಬರಲಿಲ್ಲ. ನಮ್ಮ ಕಡೆ ಹೆಂಗಸು ಗಂಡನ ಹೆಸರು ಹೇಳುವುದಿಲ್ಲ. ಇನ್ನು ಯಾವ ಕಾಲಕ್ಕೂ ಅದು ನನ್ನ ಬಾಯಿಂದ ಬರುವುದಿಲ್ಲವೆಂದು ಆಗಲೇ ಗೊತ್ತಾಯಿತು.

"ರೀ! ಕೂತ್ಕಳೀ! ತಲೆ ಬಗ್ಸೀ! ನಿಮ್ ಕಾಲಿಗ್ ಬೀಳ್ತೀನಿ, ಏಳ್ಬ್ಯಾಡ್ರೀ!"

ಇಡೀ ಮೈದಾನ ಕೇಳಿಸಿಕೊಂಡಿತು. ಅವರೂ ಕೇಳಿಸಿಕೊಂಡರು. ಕುಸಿದು ಸ್ಟೇರಿಂಗಿನ ಮೇಲೆ ತಲೆಯಿಟ್ಟರು. ರೆಕ್ಕೆ ಅವರ ಮೇಲೆ ಒಂದು ಸಲ ಹೋಯಿತು, ಇನ್ನೊಂದು ಸಲ ಹೋಯಿತು. ಆಮೇಲೆ ನಿಂತಿತು.

ಪಕ್ಕದಲ್ಲಿ ಅಪ್ಪ. "ಯಾರ್ನೇ ರೀ ಅಂದೆ?"

ಟ್ರ್ಯಾಕ್ಟರಿನ ಕಡೆ ಕೈ ತೋರಿಸಿದೆ. "ಅವ್ರನ್ನೇ ಕಣಪ್ಪ."

ಅಪ್ಪ ಕೈ ಎತ್ತಿದರು. ಕಣ್ಣು ಮುಚ್ಚಿಕೊಂಡೆ. ಏಟು ಬೀಳಲಿಲ್ಲ. ಕಣ್ಣು ಬಿಟ್ಟರೆ ಎತ್ತಿದ ಕೈ ಎತ್ತಿದಂತೆಯೇ ನಡುಗುತ್ತಿತ್ತು. ಅಪ್ಪನೂ ಹೆದರುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ.

ಟ್ರ್ಯಾಕ್ಟರ್ ಇಳಿದು ಅವರು ನಡೆದು ಬಂದರು, ಮುಖ ಸುಣ್ಣದಂತೆ. ಅಪ್ಪ ಅವರ ಭುಜ ಹಿಡಿದುಕೊಂಡರು.

"ನನ್ ಬಾಯಿ ನಿನ್ನ ಸಾಯಕ್ ಕಳಿಸ್ತು ಕಣ್ಲಾ. ಇವಳ ಬಾಯಿ ಉಳಿಸ್ತು. ಈಗ ಬ್ಯಾಡ ಅಂತ ನಾನ್ ಯಾವ್ ಬಾಯಲ್ಲಿ ಅನ್ಲಿ?"

 ಅವರನ್ನು ಆಂಬುಲೆನ್ಸಿನ ಮೆಟ್ಟಿಲ ಮೇಲೆ ಕೂರಿಸಿ, ನಾಡಿ ನೋಡುವ ನೆಪದಲ್ಲಿ ಕೈ ಹಿಡಿದೆ.  ಅಪ್ಪ ನೋಡುತ್ತಿದ್ದರು. ನಾನು ಕೈ ಬಿಡಲಿಲ್ಲ.