ಸೊಲ್ಲಮ್ಮನ ಶಂಖವೂ ಕುಂದಣಾವತಿಯ ನಿದ್ದೆಯೂ

ಬಹಳ ಬಹಳ ಹಿಂದೆ, ಆನೆಗಳಿಗೆ ಭಾಷೆಯೂ ಶಂಖಗಳಿಗೆ ನಾಲಿಗೆಯೂ ಇದ್ದ ಕಾಲದಲ್ಲಿ, ಕುಂದಣಾವತಿ ಎಂಬ ರಾಜ್ಯವಿತ್ತು. ಆ ರಾಜ್ಯಕ್ಕೆ ಹೆಸರು ತಂದದ್ದು ಅದರ ದನದ ಪೇಟೆ. ಆ ಪೇಟೆಯಲ್ಲಿ ಹಂಪಣ್ಣ ಎಂಬ ದಲ್ಲಾಳಿ ಇದ್ದ. ಹಲ್ಲು ನೋಡಿ ಎತ್ತಿನ ವಯಸ್ಸು ಹೇಳುತ್ತಿದ್ದ, ನಡಿಗೆ ನೋಡಿ ಗುಣ ಹೇಳುತ್ತಿದ್ದ. ಅವನ ಹೆಂಡತಿ ಬಾಳವ್ವ ಪೇಟೆಗೆ ಬಂದವರಿಗೆ ರೊಟ್ಟಿ ಊಟ ಹಾಕುತ್ತಿದ್ದಳು. ಇಬ್ಬರೂ ದುಡಿಯುವ ಜನ. ದುಡಿದು ಮಲಗಿದರೆ ಕಿವಿಯ ಹತ್ತಿರ ಕೋಳಿ ಕೂಗಿದರೂ ಏಳದ ಜನ.

ಹೀಗಿರುವಾಗ ಒಂದು ದಿನ ಕತ್ತೆಗಳ ಮೇಲೆ ಹೇರು ಹೊರಿಸಿಕೊಂಡು ಭೃಂಗಾಕ್ಷ ಎಂಬ ಮಂತ್ರವಾದಿ ಪೇಟೆಗೆ ಬಂದ. ಹೇರಿನಲ್ಲಿದ್ದದ್ದು ಅಂಗೈಯಗಲದ ಬಿಳಿ ಶಂಖಗಳು.

"ಸೊಲ್ಲಮ್ಮಾ ಎಂದು ಕರೆಯಿರಿ, ಓಗೊಡುತ್ತಾಳೆ," ಎಂದ. "ಮರೆತದ್ದನ್ನು ನೆನಪಿಸುತ್ತಾಳೆ, ಲೆಕ್ಕ ಹೇಳುತ್ತಾಳೆ, ದಾರಿ ತೋರಿಸುತ್ತಾಳೆ. ಒಂದು ದಿನದ ಕೆಲಸ ಅರ್ಧ ದಿನಕ್ಕೆ ಮುಗಿಯುತ್ತದೆ. ನನಗೇನೂ ಕೊಡಬೇಡಿ. ಉಳಿದ ಹೊತ್ತು ಒಂದಿಷ್ಟು ನನಗಿರಲಿ, ಅಷ್ಟೇ."

ಕುಂದಣಾವತಿಯಲ್ಲಿ ಎತ್ತು ಕೊಳ್ಳುವವನು ಬಾಯಿ ಬಿಟ್ಟು ಕೇಳುವ ಮೊದಲ ಪ್ರಶ್ನೆ ಒಂದೇ: "ಇದನ್ನು ಯಾಕೆ ಮಾರುತ್ತೀಯಪ್ಪಾ?" ಒದೆಯುತ್ತದೆಯೋ, ಮೇವು ಬಿಟ್ಟಿದೆಯೋ, ಅದರಲ್ಲಿ ತಿಳಿಯುತ್ತದೆ. ಆದರೆ ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಎನ್ನುತ್ತಾರಲ್ಲ, ಹಾಗಾಯಿತು. ಇಷ್ಟು ಒಳ್ಳೆಯ ಸರಕನ್ನು ಯಾಕೆ ಕೊಡುತ್ತೀಯ ಎಂದು ಒಬ್ಬ ದಲ್ಲಾಳಿಯೂ ಕೇಳಲಿಲ್ಲ. ಹಂಪಣ್ಣನೂ ಕೇಳಲಿಲ್ಲ. ಉಳಿದ ಹೊತ್ತು ತಾನೇ, ಒಯ್ಯಲಿ ಬಿಡು ಎಂದುಕೊಂಡು ಶಂಖವನ್ನು ಮನೆಗೆ ತಂದ.

ಸುಳ್ಳು ಹೇಳಬಾರದು, ಸೊಲ್ಲಮ್ಮ ಕೆಲಸಗಾತಿ. "ಅವ್ವಾ, ಬೇಳೆ ಬೆಂದಿತು. ಅವ್ವಾ, ಈ ಹೊತ್ತು ಗಿರಾಕಿ ಜಾಸ್ತಿ, ಹಿಟ್ಟು ಇನ್ನಷ್ಟು ನಾದಿ. ಅವ್ವಾ, ಮಧ್ಯಾಹ್ನಕ್ಕೆ ಮಳೆ, ಕಟ್ಟಿಗೆ ಒಳಗಿಡಿ." ಬಾಳವ್ವನ ಕೈಗೆ ಹೊತ್ತು ಉಳಿಯಿತು. ಉಳಿದ ಹೊತ್ತಿನಲ್ಲಿ ಇನ್ನೊಂದು ಒಲೆ ಹೂಡಿದಳು. ಅದರಲ್ಲೂ ಉಳಿದಾಗ ಸಂಡಿಗೆ ಶುರುಮಾಡಿದಳು. ಊರಿಗೆ ಊರೇ ಹಾಗಾಯಿತು. ಕಮ್ಮಾರ ತಿದಿ ಒತ್ತುತ್ತಲೇ ಉಂಡ, ರಾಜ ಚಿತ್ರಾಂಗದನು ಮೀಸೆ ತೀಡಿಸಿಕೊಳ್ಳುತ್ತಲೇ ನ್ಯಾಯ ಹೇಳಿದ. ಮಲಗಲು ಹೋದರೆ ಕಣ್ಣು ಕೂಡದು. "ಸೊಲ್ಲಮ್ಮಾ, ನಾಳೆ ಏನೇನಿದೆ?" ಎಂದು ಕೇಳುವುದು, ಅವಳು ಹೇಳುವುದು, ಇವರು ಎದ್ದು ಈಗಲೇ ಶುರುಮಾಡುವುದು.

ನಿದ್ದೆ ಹೋದವರು ಹಗುರವಾಗತೊಡಗಿದರು. ಮೊದಲು ಹೆಜ್ಜೆಯ ಸದ್ದು ನಿಂತಿತು. ಆಮೇಲೆ ಪಾದ ನೆಲ ಬಿಟ್ಟಿತು. ಅಗಸರ ಮುದುಕಿಯೊಬ್ಬಳು ಬಟ್ಟೆ ಒಣಹಾಕುತ್ತಾ ಗಾಳಿಗೆ ಸಿಕ್ಕಿ, ಬೆಟ್ಟ ದಾಟಿ ಹೋಗಿಬಿಟ್ಟಳು. ಹಗಲಿರುಳೆನ್ನದೆ ದುಡಿಯುತ್ತಿದ್ದ ಬಾಳವ್ವನಂತೂ ಎಲ್ಲರಿಗಿಂತ ಬೇಗ ಹಗುರವಾದಳು. ಹಂಪಣ್ಣ ಅವಳ ಸೊಂಟಕ್ಕೆ ಎತ್ತಿನ ಹಗ್ಗ ಬಿಗಿದು ಬೀಸುಕಲ್ಲಿಗೆ ಕಟ್ಟಿದ. ತೊಲೆಯ ಎತ್ತರದಲ್ಲಿ ತೇಲುತ್ತಲೇ ಅವಳು ರೊಟ್ಟಿ ತಟ್ಟಲು ಕೈಚಾಚುತ್ತಿದ್ದಳು.

"ಕೆಳಗಿಳಿಯೇ ಮಾರಾಯ್ತಿ!"

"ಇಳಿಯಲು ಹೊತ್ತೆಲ್ಲಿದೆ ರೀ? ಹಿಟ್ಟಿನ ಬುಟ್ಟಿ ಸ್ವಲ್ಪ ಮೇಲೆ ಕೊಡಿ."

ವೈದ್ಯ ಬಂದು ತಲೆಯೆತ್ತಿ ನೋಡಿ, "ಈ ಅಮಾವಾಸ್ಯೆಯೊಳಗೆ ನಿದ್ದೆ ಬಾರದಿದ್ದರೆ ಹಗ್ಗವೂ ನಿಲ್ಲಿಸುವುದಿಲ್ಲ. ಹೊಗೆಯ ಹಾಗೆ ಕರಗಿ ಹೋಗುತ್ತಾಳೆ," ಎಂದ.

ಆಗ ಹಂಪಣ್ಣ ಶಂಖ ಎತ್ತಿಕೊಂಡು, ಮೊದಲೇ ಕೇಳಬೇಕಿದ್ದುದನ್ನು ಕೇಳಿದ. "ಸೊಲ್ಲಮ್ಮಾ, ನನ್ನ ಹೆಂಡತಿಯ ನಿದ್ದೆ ಎಲ್ಲಿದೆ?"

"ಕಾಡಿಗೆ ಬೆಟ್ಟವೆಂಬ ಕಪ್ಪು ಬೆಟ್ಟದ ಅರಮನೆಯಲ್ಲಿ, ಭೃಂಗಾಕ್ಷನ ಗಾಜಿನ ಕೊಪ್ಪರಿಗೆಯಲ್ಲಿದೆ, ಯಜಮಾನರೆ. ಊರಿನ ನಿದ್ದೆಯೆಲ್ಲ ಅಲ್ಲಿದೆ, ಉಳಿದ ಹೊತ್ತೆಂದು ಅವನು ಒಯ್ದದ್ದು ಅದನ್ನೇ. ಕಡಲಾಚೆಯ ರಾಕ್ಷಸರಿಗೆ ನಿದ್ದೆಯಿಲ್ಲ, ಅವರಿಗೆ ಮಾರುತ್ತಾನೆ. ನೀವಾಡಿದ ಮಾತೆಲ್ಲವೂ ಅವನ ಕಿವಿಗೆ ಹೋಗುತ್ತದೆ."

"ಅಯ್ಯೋ ಪಾಪಿ, ಇಷ್ಟು ದಿನ ಹೇಳಲಿಲ್ಲವಲ್ಲೇ!"

"ಯಾರೂ ಕೇಳಲಿಲ್ಲ, ಯಜಮಾನರೆ."

ಶಂಖವನ್ನು ನೆಲಕ್ಕಪ್ಪಳಿಸಬೇಕೆನಿಸಿತು. ಆದರೆ ದಾರಿ ಬಲ್ಲವಳು ಅವಳೊಬ್ಬಳೇ. ಸಿಟ್ಟಿನಿಂದ ಯಾವ ವ್ಯಾಪಾರವೂ ಆಗುವುದಿಲ್ಲ. ಹಂಪಣ್ಣ ಅವಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹೊದೆಯುವ ವಲ್ಲಿಯನ್ನು ಹೆಗಲಿಗೆ ಹಾಕಿಕೊಂಡು ಹೊರಟ. ಅವನ ಪಾದವೂ ನೆಲಕ್ಕೆ ಸರಿಯಾಗಿ ಊರುತ್ತಿರಲಿಲ್ಲ, ಜೇಬಿಗೆ ಕಲ್ಲು ತುಂಬಿಕೊಂಡು ನಡೆದ.

ಮೊದಲು ಎದುರಾದದ್ದು ಬೆಂಕಿ ಬಣ್ಣದ ಹುಲಿ. ಅದು ನಿಲ್ಲುವ ಹುಲಿಯಲ್ಲ, ದಾರಿಗಡ್ಡವಾಗಿ ಸುತ್ತು ಹಾಕುತ್ತಲೇ ಇರುವ ಹುಲಿ.

"ಓಡಿ ಯಜಮಾನರೆ, ಓಡಿ! ಎಡಕ್ಕೆ ಹತ್ತಿರದ ದಾರಿಯಿದೆ!" ಎಂದಳು ಸೊಲ್ಲಮ್ಮ.

ಓಡಲು ಕಾಲು ಜುಮುಗುಟ್ಟುತ್ತಿತ್ತು. ಆದರೆ ಎಡಗಡೆ ಮೂಳೆಗಳು ಬಿದ್ದಿದ್ದವು. ಅವೆಲ್ಲವೂ ಬೆನ್ನು ತೋರಿಸಿ ಬಿದ್ದವರವು. ಹಂಪಣ್ಣ ಬೆದರಿದ ಹೋರಿಗಳನ್ನು ಕಂಡವನು. ಓಡಿದವನನ್ನೇ ಅವು ಅಟ್ಟುತ್ತವೆ. ನಡುದಾರಿಯಲ್ಲಿ ಚಕ್ಕಂಬಕ್ಕಳ ಹಾಕಿ ಕುಳಿತು ಎಲೆಯಡಿಕೆ ತೆಗೆದ. ಹುಲಿ ಹತ್ತಿರ ಬಂದು ಮೂಸಿತು, ಮೀಸೆ ಅವನ ಕೆನ್ನೆಗೆ ತಾಗಿತು. ಆದರೂ ಅವನು ಸುಣ್ಣ ಸವರುವುದನ್ನು ನಿಲ್ಲಿಸಲಿಲ್ಲ. ಓಡದವನನ್ನು ಏನು ಮಾಡಬೇಕೆಂದು ಆ ಹುಲಿಗೆ ಯಾರೂ ಕಲಿಸಿರಲಿಲ್ಲ. ಸುತ್ತು ಹಾಕಲು ಮರಳಿ ಹೋಯಿತು, ಅದು ತಿರುಗಿದಾಗ ಹಂಪಣ್ಣ ದಾಟಿಕೊಂಡ.

ಎರಡನೆಯದಾಗಿ ಎದುರಾದದ್ದು ಕಲ್ಲಾನೆ. ಬೆಟ್ಟದ ಕಣಿವೆಯನ್ನೆಲ್ಲ ತುಂಬಿ ನಿಂತು ಭೋರ್ಗರೆಯುತ್ತಿತ್ತು. ಹಂಪಣ್ಣನಿಗೆ ಒಂದಕ್ಷರವೂ ತಿಳಿಯಲಿಲ್ಲ.

"ಇದೇನಂತೆ ಸೊಲ್ಲಮ್ಮಾ?"

"ಹಿಂಗಾಲಲ್ಲಿ ಮುಳ್ಳು ಮುರಿದಿದೆಯಂತೆ, ಯಜಮಾನರೆ. ಬಂದವರೆಲ್ಲ ಕಿರುಚಿಕೊಂಡು ಓಡುತ್ತಾರಂತೆ, ಕಾಲು ನೋಡುವವರು ಒಬ್ಬರೂ ಇಲ್ಲವಂತೆ."

ಮುಳ್ಳು ಕೀಳುವುದು ದಲ್ಲಾಳಿಗೆ ಕಲಿಸಬೇಕೆ? ಕಿತ್ತ. ಆನೆ ನಿಟ್ಟುಸಿರು ಬಿಟ್ಟು ಹೇಳಿದ್ದನ್ನು ಸೊಲ್ಲಮ್ಮ ಹಾಗೇ ಒಪ್ಪಿಸಿದಳು. "ಭೃಂಗಾಕ್ಷನ ಮಾಯೆಯೆಲ್ಲ ವ್ಯಾಪಾರದ ಮೇಲೆ ನಿಂತಿದೆ. ವ್ಯಾಪಾರದಲ್ಲಿ ಸೋತರೆ ಅವನು ಕೊಡಲೇಬೇಕು. ಆದರೆ ಸೋತದ್ದಿಲ್ಲ. ಎದುರಿಗಿರುವವನ ಮನಸ್ಸಿನಲ್ಲಿದ್ದುದನ್ನು ಶಂಖ ಮೊದಲೇ ಹೇಳಿಬಿಟ್ಟಿರುತ್ತದೆ."

ಹಂಪಣ್ಣ ಗಡ್ಡ ಕೆರೆದುಕೊಂಡ.

"ಏನು ಯೋಚನೆ ಯಜಮಾನರೆ? ಹೇಳಿದರೆ ಸುಲಭದ ಉಪಾಯ ಹುಡುಕಿಕೊಡುತ್ತೇನೆ."

"ಏನಿಲ್ಲಮ್ಮ. ದಾರಿ ತೋರಿಸು ಸಾಕು," ಎಂದ. ಮುಂದೆ ಅರಮನೆಯವರೆಗೂ ಅವನು ತುಟಿ ಬಿಚ್ಚಲಿಲ್ಲ.

ಅರಮನೆಯ ನಡುವೆ ಗಾಜಿನ ಕೊಪ್ಪರಿಗೆ ಇತ್ತು. ಅದರಲ್ಲಿ ಊರಿನ ನಿದ್ದೆ ನೀಲಿ ಮಂಜಿನ ಹಾಗೆ ಸುಳಿಯುತ್ತಿತ್ತು. ಭೃಂಗಾಕ್ಷ ಅದರ ಸುತ್ತ ಶತಪಥ ಹಾಕುತ್ತಿದ್ದ. ಸಾವಿರಾರು ಶಂಖಗಳ ಮಾತು ಒಟ್ಟಿಗೆ ಅವನ ಕಿವಿಗೆ ಬೀಳುತ್ತಿತ್ತು. ಕಣ್ಣು ಒಂದು ಕಡೆ ನಿಲ್ಲದು, ಕೈ ಒಂದು ಕಡೆ ನಿಲ್ಲದು.

"ಬಂದೆಯಾ ದಲ್ಲಾಳಿ? ಹೆಂಡತಿ ತೊಲೆಗೆ ತಗುಲಿಕೊಂಡಿದ್ದಾಳಂತೆ, ಹಹ್ಹ! ಬೇಗ ಹೇಳು, ಏನು ಕೊಡುತ್ತೀಯ? ನನಗೆ ಬೇಕಾದಷ್ಟು ಕೆಲಸವಿದೆ."

"ನನ್ನ ಇಡೀ ಜನ್ಮದ ನಿದ್ದೆ ಪಣಕ್ಕಿಡುತ್ತೇನೆ ಸ್ವಾಮಿ. ನೀವು ಆ ಕೊಪ್ಪರಿಗೆ ಇಡಿ. ಆದರೆ ವ್ಯಾಪಾರ ನಮ್ಮ ಪೇಟೆಯ ಪದ್ಧತಿಯಲ್ಲಿ ನಡೆಯಬೇಕು."

ಹಂಪಣ್ಣ ಹೆಗಲ ವಲ್ಲಿಯನ್ನು ಹಾಸಿದ. ಕುಂದಣಾವತಿಯ ದನದ ಪೇಟೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಇಬ್ಬರೂ ವಲ್ಲಿಯ ಕೆಳಗೆ ಕೈ ಕೊಡುತ್ತಾರೆ, ಬೆರಳು ಹಿಡಿದು ಕೇಳುತ್ತಾರೆ, ಬೆರಳು ಮಡಿಸಿ ಇಳಿಸುತ್ತಾರೆ. ಪಕ್ಕದಲ್ಲಿ ನಿಂತವನಿಗೂ ತಿಳಿಯುವುದಿಲ್ಲ. ವ್ಯಾಪಾರ ಕುದುರುವ ಮೊದಲು ಬಾಯಿ ಬಿಟ್ಟವನು, ಇಲ್ಲವೇ ಕೈ ಕಿತ್ತವನು ಸೋತ ಹಾಗೆ. ಎದುರಿನವನು ಕೊನೆಗೆ ಕೇಳಿದ ಬೆಲೆಗೆ ಅವನು ಒಪ್ಪಲೇಬೇಕು.

ಈ ನಿಯಮವನ್ನೆಲ್ಲ ಹಂಪಣ್ಣ ಬಿಡಿಸಿ ಹೇಳಿದ. ಭೃಂಗಾಕ್ಷ ಬಾಯಿ ಸೊಟ್ಟ ಮಾಡಿ ನಕ್ಕ. ಇಂಥ ಆಟವನ್ನು ಯಾವ ಶಂಖವೂ ಅವನಿಗೆ ತಿಳಿಸಿರಲಿಲ್ಲ. ಬೆರಳಿನಾಟಕ್ಕೆ ಸದ್ದಿದ್ದರೆ ತಾನೇ ತಿಳಿಸುವುದು? ಆದರೂ ಒಂದು ಜನ್ಮದ ನಿದ್ದೆ ಒಂದೇ ಗುಟುಕಿಗೆ ಸಿಗುತ್ತದೆ ಎಂಬ ಆಸೆ. "ಒಪ್ಪಿದೆ, ಬೇಗ ಆಗಲಿ!" ಎಂದು ಕೈ ತೂರಿಸಿದ.

ಹಂಪಣ್ಣ ಅವನ ಐದು ಬೆರಳನ್ನೂ ಒಟ್ಟಿಗೆ ಹಿಡಿದ. ಪೇಟೆಯಲ್ಲಿ ಅದರರ್ಥ: ಪೂರ್ತಿ ಬೇಕು. ಭೃಂಗಾಕ್ಷ ಒಂದು ಬೆರಳು ಕೊಟ್ಟ. ಹಂಪಣ್ಣ ಐದನ್ನೇ ಹಿಡಿದ. ಎರಡು ಕೊಟ್ಟ. ಐದನ್ನೇ ಹಿಡಿದ.

ಆಮೇಲೆ ಹಂಪಣ್ಣ ಸುಮ್ಮನೆ ಕುಳಿತ.

ಸುಮ್ಮನೆ ಕೂರುವುದು ಅವನಿಗೂ ಸುಲಭವಿರಲಿಲ್ಲ. ಬೆನ್ನು ತುರಿಸುತ್ತಿತ್ತು, ಮೊಣಕಾಲು ಅದರಷ್ಟಕ್ಕೇ ಕುಣಿಯುತ್ತಿತ್ತು. ಬಾಳವ್ವನ ಹಗ್ಗ ಸಡಿಲವಾಯಿತೇನೋ ಎಂಬ ಯೋಚನೆ ಇರುವೆಯ ಹಾಗೆ ಮೈಮೇಲೆ ಹರಿಯುತ್ತಿತ್ತು. ಸೊಂಟದಿಂದ ಸೊಲ್ಲಮ್ಮ ಬೇರೆ, "ಯಜಮಾನರೆ, ಹೊತ್ತಾಗುತ್ತಿದೆ, ಏನಾದರೂ ಹೇಳಿ," ಎನ್ನುತ್ತಿದ್ದಳು. ಹಲ್ಲು ಕಚ್ಚಿ ಕುಳಿತ.

ಭೃಂಗಾಕ್ಷನ ಕಿವಿಯಲ್ಲಿ ಸಾವಿರಾರು ಶಂಖಗಳು ಮೊರೆಯುತ್ತಿದ್ದವು. ಒಡೆಯಾ, ಕಮ್ಮಾರ ಹೀಗೆಂದ. ಒಡೆಯಾ, ರಾಜ ಹಾಗೆಂದ. ಕಡಲಾಚೆಯವರು ಬಂದರಿನಲ್ಲಿ ಕಾಯುತ್ತಿದ್ದಾರೆ ಒಡೆಯಾ. ಎಲ್ಲರ ಮನಸ್ಸೂ ಕೇಳಿಸುತ್ತಿತ್ತು, ಎದುರಿಗೆ ಕುಳಿತವನದು ಮಾತ್ರ ಕೇಳಿಸಲಿಲ್ಲ. ಮೂರು ಬೆರಳು ಕೊಟ್ಟ. ನಾಲ್ಕು ಕೊಟ್ಟ. ಹಂಪಣ್ಣ ಐದನ್ನೇ ಹಿಡಿದ. ಮಂತ್ರವಾದಿಯ ಹಣೆಯಿಂದ ಬೆವರು ವಲ್ಲಿಯ ಮೇಲೆ ತೊಟ್ಟಿಕ್ಕಿತು. ತಡೆಯಲಾರದೆ ಹೋದ.

"ಬಾಯಿ ಬಿಟ್ಟು ಹೇಳಬಾರದೇನೋ ಮೂಗಬಸವ! ನಿನಗೆ ಕೊನೆಗೆ ಬೇಕಾದದ್ದಾದರೂ ಏನು?"

ಅಷ್ಟೇ. ಹಂಪಣ್ಣ ವಲ್ಲಿ ಸರಿಸಿ, ಐದು ಬೆರಳನ್ನು ಹಿಡಿದಿದ್ದ ತನ್ನ ಮುಷ್ಟಿ ತೋರಿಸಿದ. "ಪೂರ್ತಿ ಸ್ವಾಮಿ," ಎಂದ.

ಕೊಪ್ಪರಿಗೆ ಫಳ್ ಎಂದು ಬಿರಿಯಿತು. ನೀಲಿ ಮಂಜು ಗುಂಪು ಗುಂಪಾಗಿ ಕಿಟಕಿಗಳಿಂದ ಹೊರಗೆ ಹರಿದು ಕುಂದಣಾವತಿಯ ಕಡೆ ಹೊರಟಿತು. ಅದು ಸವರಿಕೊಂಡು ಹೋದ ರಭಸಕ್ಕೆ ಭೃಂಗಾಕ್ಷನ ಕಣ್ಣುಗಳು ಮುಚ್ಚಿದವು. ಎಷ್ಟೋ ವರ್ಷದಿಂದ ಮಲಗದವನು ನಿಂತಲ್ಲೇ ಕುಸಿದ, ಕುಸಿದಲ್ಲೇ ಕಲ್ಲಾದ. ಕಾಡಿಗೆ ಬೆಟ್ಟದಲ್ಲಿ ಈಗಲೂ ಗೊರಕೆ ಕೇಳಿಸುತ್ತದಂತೆ. ಹಂಪಣ್ಣನ ನಿದ್ದೆಯೂ ಅವನನ್ನು ಹುಡುಕಿಕೊಂಡು ಬಂತು. ಮೈ ಭಾರವಾಯಿತು, ಜೇಬಿನ ಕಲ್ಲುಗಳನ್ನು ಎಸೆದ, ತೂಕಡಿಸುತ್ತಲೇ ಕಣಿವೆಗೆ ಇಳಿದ. ಕಲ್ಲಾನೆ ಅವನನ್ನು ಬೆನ್ನಿಗೇರಿಸಿಕೊಂಡು ಊರು ಮುಟ್ಟಿಸಿತು.

ಊರಲ್ಲಿ ನಡುಹಗಲು. ಒಂದು ಸದ್ದಿಲ್ಲ. ಕಮ್ಮಾರ ತಿದಿಯ ಮೇಲೆ, ರಾಜ ಸಿಂಹಾಸನದ ಮೇಲೆ, ಗಾಳಿಗೆ ಹೋಗಿ ಮಂಜಿನ ಜೊತೆ ಮರಳಿದ್ದ ಅಗಸರ ಮುದುಕಿ ಯಾರದೋ ಹುಲ್ಲಿನ ಬಣವೆಯ ಮೇಲೆ, ಎಲ್ಲರೂ ಬಾಯಿ ತೆರೆದು ಮಲಗಿದ್ದರು.

ಎದ್ದ ಮೇಲೆ ರಾಜ ಅರ್ಧ ರಾಜ್ಯ ಕೊಡುತ್ತೇನೆಂದ. "ಅರ್ಧ ರಾಜ್ಯ ನೋಡಿಕೊಳ್ಳುತ್ತಾ ಕುಳಿತರೆ ಮತ್ತೆ ನಿದ್ದೆ ಹೋಗುತ್ತದೆ ಮಹಾಪ್ರಭು," ಎಂದ ಹಂಪಣ್ಣ. ಒಡೆಯನಿಲ್ಲದ ಶಂಖಗಳನ್ನು ಒಡೆಯಬೇಕೆಂದು ಕೆಲವರು ಕೂಗಿದರು. ಹಂಪಣ್ಣ ಬಿಡಲಿಲ್ಲ. "ಒದೆಯುವ ಎತ್ತನ್ನು ಕಡಿಯುತ್ತೀರೇನ್ರಯ್ಯಾ? ಪಳಗಿಸಿಕೊಳ್ಳಿ," ಎಂದು ಡಂಗುರ ಹೊಡೆಸಿದ: ಮನೆಯ ಮಾತು ಮನೆ ದಾಟಬಾರದು, ಕರೆದರೆ ಮಾತ್ರ ಓಗೊಡಬೇಕು, ದೀಪ ಆರಿದರೆ ನಾಲಿಗೆಯೂ ಆರಬೇಕು. ಶಂಖಗಳು ಒಪ್ಪಿದವು. ಕುಂದಣಾವತಿಯ ಪೇಟೆ ಬೆಳೆಯಿತು, ಮಕ್ಕಳು ಮರಿ ಸುಖವಾಗಿದ್ದರು, ಸಂಜೆಯಾದರೆ ಬಾಗಿಲುಗಳು ಮುಚ್ಚುತ್ತಿದ್ದವು.

ಆದರೆ ಅದೆಲ್ಲ ಆಮೇಲಿನ ಮಾತು. ಆ ನಡುಹಗಲಲ್ಲಿ ಹಂಪಣ್ಣ ಮನೆಯೊಳಗೆ ಬಂದಾಗ, ಬಾಳವ್ವ ಬರಿನೆಲದ ಮೇಲೆ, ಮೈತುಂಬ ಹಿಟ್ಟು ಮೆತ್ತಿಕೊಂಡು ಮಲಗಿದ್ದಳು. ಹೊರಗೆ ಗಿರಾಕಿಯೊಬ್ಬ ಎದ್ದು ಬಂದು ಬಾಗಿಲು ಬಡಿದ.

"ಅವ್ವಾ, ಊಟ ಸಿದ್ಧವಿದೆಯೇ?"

ಬಾಳವ್ವ ಒಂದು ಕಣ್ಣು ತೆರೆದಳು. ಒಲೆ ನೋಡಿದಳು, ಗಂಡನನ್ನು ನೋಡಿದಳು.

"ಇಲ್ಲವೆನ್ನಿ ರೀ," ಎಂದು ಮಗ್ಗುಲು ಬದಲಿಸಿದಳು.