ಬೆನ್ನ ಹಿಂದಿನ ಕೈಗಳು

"ಕೈ ತೆಗೆಯಿರಿ! ನಿಮ್ಮನ್ನು ಕರೆದದ್ದು ಯಾರು?"

ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಒಲಿಂಡಾಳ ಬೆರಳುಗಳು ಇನ್ನೂ ಆ ಅಪರಿಚಿತ ಯುವಕನ ಅಂಗಿಯ ಗುಂಡಿಯ ಮೇಲೆಯೇ ಇದ್ದವು!

ಅಯ್ಯೋ ಜೆಜು ದೇವಾ... ನಾನು ಮಾಡಿದ್ದಾದರೂ ಎಂತ?

ಕೆಂಡ ಮುಟ್ಟಿದವಳಂತೆ ಅವಳು ಹಿಂದೆ ಸರಿದಳು. ಮೈಗೆ ಮೈ ತಾಗಿದರೆ ಊರೆಲ್ಲ ಸುದ್ದಿಯಾಗುತ್ತಿದ್ದ ಕಾಲ ಅದು. ೧೯೬೪ರ ಫೆಬ್ರವರಿ. ಅಂಥದ್ದರಲ್ಲಿ ಗಂಡಸಿನ ಅಂಗಿಗೇ ಕೈ ಹಾಕಿದ್ದಳು ಹುಡುಗಿ!

ಅವಳ ತಪ್ಪು ಕನಿಕರದ್ದು, ಅಷ್ಟೇ. ಒಂದೇ ಒಂದು ಗುಂಡಿ ಹಾಕಿಕೊಳ್ಳಲು ಅವನು ಬೆವರುತ್ತಿದ್ದ. ನೋಡಲಾರದೆ ಓಡಿಬಂದಿದ್ದಳು.

ಉದ್ಯಾವರದ ಒಲಿಂಡಾ ಮಣಿಪಾಲದ ಗುಡ್ಡದ ಮೇಲಿನ ಆ ಆಸ್ಪತ್ರೆಗೆ ಬಂದು ವಾರವೂ ಆಗಿರಲಿಲ್ಲ. ಆಕ್ಯುಪೇಶನಲ್ ಥೆರಪಿ ಅಸಿಸ್ಟೆಂಟ್ ಆಗುವ ತರಬೇತಿ. ಆ ಉದ್ದ ಹೆಸರಿಗೆ ಯಾರ ನಾಲಿಗೆಯೂ ಹೊರಳದ ಕಾರಣ, ಎಲ್ಲರೂ ಆ ವಿಭಾಗವನ್ನು ಕೈಕೆಲಸದ ಕೋಣೆ ಎಂದೇ ಕರೆಯುತ್ತಿದ್ದರು. ಮುರಿದ ಮೂಳೆಯನ್ನು ಡಾಕ್ಟರು ಕೂಡಿಸುತ್ತಾರೆ. ಮರಗಟ್ಟಿದ ಕೈಗೆ ಉಣ್ಣುವುದನ್ನು, ತಲೆ ಬಾಚುವುದನ್ನು, ಕಸುಬನ್ನು ಮತ್ತೆ ಕಲಿಸುವುದು ಇಲ್ಲಿ.

ಸಿಟ್ಟಿನ ಯುವಕ ಜೋಕಿಮ್. ಕಾಪು ಪೇಟೆಯ ಟೈಲರ್. ಕ್ರಿಸ್ಮಸ್ ನಕ್ಷತ್ರ ಕಟ್ಟಲು ಮರ ಹತ್ತಿ, ಬಿದ್ದು, ಬಲಗೈ ಮುರಿದುಕೊಂಡವನು. ಪ್ಲಾಸ್ಟರ್ ಬಿಚ್ಚಿದ ಮೇಲೆ ಬೆರಳುಗಳು ಮಡಚುತ್ತಲೇ ಇರಲಿಲ್ಲ. ಟೈಲರನ ಬೆರಳು ಹೋದರೆ ಉಳಿಯುವುದಾದರೂ ಏನು? ಅವನ ಸಿಟ್ಟಿನ ಅಡಿಯಲ್ಲಿ ಇದ್ದದ್ದು ಆ ಹೆದರಿಕೆಯೇ.

ತರಬೇತಿ ಕೊಡುವ ಮೇಬಲ್ ಟೀಚರ್ ಒಲಿಂಡಾಳನ್ನು ಜಗಲಿಗೆ ಕರೆದರು.

"ಸಹಾಯ ಮಾಡಿದೆ ಅಂತ ಗ್ರಹಿಸಿದೆಯಾ? ಅವನ ಬೆರಳಿಗೆ ಸಿಗಬೇಕಾದ ಕೆಲಸವನ್ನು ನೀನು ಕಸಿದುಕೊಂಡೆ."

"ಪಾಪ ಅನ್ನಿಸಿತು ಟೀಚರ್..."

"ಪಾಪ ಅನ್ನುವವರು ಅವನ ಮನೆಯಲ್ಲಿ ಬೇಕಾದಷ್ಟು ಜನ ಉಂಟು. ಅವನಿಗೆ ಅಪಾಯ ಅಂತ ಕಂಡರೆ ಮಾತ್ರ ಮುಟ್ಟು. ಇಲ್ಲದಿದ್ದರೆ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲು. ಇನ್ನೊಮ್ಮೆ ಹೀಗಾದರೆ ನಿನ್ನನ್ನು ಮನೆಗೆ ಕಳಿಸಬೇಕಾಗುತ್ತದೆ."

ಒಲಿಂಡಾ ಕೂಡಲೇ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಮನೆಗೆ ಹೋದರೆ ಮುಂದಿನ ದಾರಿ ಮುಂಬಯಿ. ಅಲ್ಲಿನ ಯಾವುದೋ ಬಂಗಲೆಯಲ್ಲಿ ಆಯಾ ಕೆಲಸ ನೋಡಿಟ್ಟಿದ್ದೇನೆಂದು ಅಲ್ಲೇ ಇರುವ ಕಜೆಟನ್ ಮಾವ ಆಗಲೇ ಹೇಳಿಯಾಗಿತ್ತು. ಈ ತರಬೇತಿಗಾಗಿ ಅವಳು ಅಮ್ಮನ ಕಾಲು ಹಿಡಿದು ಬಂದಿದ್ದಳು.

ಅಂದಿನಿಂದ ಅವಳ ಕೈಗಳು ಬೆನ್ನ ಹಿಂದೆಯೇ ಉಳಿದವು.

ಜೋಕಿಮ್ ಜೇಡಿಮಣ್ಣು ನಾದಿದ. ದಬ್ಬಣ ಹಿಡಿದು ಗೋಣಿ ಹೊಲಿದ. ದಬ್ಬಣ ಬಿದ್ದರೆ ತಾನೇ ಬಗ್ಗಿ ಎತ್ತಿಕೊಂಡ. ಅವಳು ಎದುರು ನಿಂತು, "ಇನ್ನೊಮ್ಮೆ... ಹಾಂ, ಹಾಗೆಯೇ," ಎನ್ನುತ್ತಿದ್ದಳು.

"ಇದು ಹೊಲಿಗೆಯಾ, ಕೋಳಿ ಕೆದಕಿದ್ದಾ?" ಎಂದು ಅವನು ನಕ್ಕ ದಿನ ಅವಳಿಗೂ ನಗು ತಡೆಯಲಾಗಲಿಲ್ಲ.

ನಕ್ಕರೆ ಎಷ್ಟು ಚೆಂದ ಕಾಣುತ್ತಾನೆ! ಥೂ, ನನಗೆ ಬುದ್ಧಿ ಉಂಟಾ?

ಬುದ್ಧಿ ಇತ್ತು. ಮನಸ್ಸು ಮಾತ್ರ ಅದರ ಮಾತು ಕೇಳುತ್ತಿರಲಿಲ್ಲ. ಅವನು ವಾರ್ಡಿನಿಂದ ಬರುವುದು ತಡವಾದರೆ ಅವಳ ಕಣ್ಣು ಬಾಗಿಲಿಗೆ ಹೋಗುತ್ತಿತ್ತು. ಅವನಾದರೂ ಏನು ಕಡಿಮೆ? ಗಡ್ಡ ಬೋಳಿಸದೆ ಬರುತ್ತಿದ್ದವನು ಈಗ ತಲೆಗೆ ಎಣ್ಣೆ ಹಚ್ಚಿ ಬರತೊಡಗಿದ್ದ!

ಎಲ್ಲವೂ ಸರಿಯಾಗಿರುವಾಗಲೇ ಆ ಗಂಜಿಯ ಮಧ್ಯಾಹ್ನ ಬಂತು.

ಅವನ ತಾಯಿ ವೆರೊನಿಕಾ ಬಾಯಿ ಕಾಪುವಿನಿಂದ ಗಂಜಿ, ಒಣಮೀನಿನ ಚಟ್ನಿ ತಂದಿದ್ದರು. ಬಲಗೈಯಲ್ಲೇ ಚಮಚ ಹಿಡಿದು ಉಣ್ಣಬೇಕು, ಅದು ಅಂದಿನ ಪಾಠ. ಮೊದಲ ಚಮಚ ಬಾಯಿಗೆ ಹೋಯಿತು. ಎರಡನೆಯದು ಜಾರಿತು. ಹಿಡಿಯಲು ಹೋದಾಗ ಬಟ್ಟಲೇ ಮಗುಚಿ, ಆರಿದ ಗಂಜಿ ಅವನ ಮಡಿಲಿಗೆ ಸುರಿಯಿತು.

ಯಾರೋ ಪಿಸಕ್ಕೆಂದು ನಕ್ಕರು. ಜೋಕಿಮನ ಕಣ್ಣಲ್ಲಿ ನೀರಾಡಿತು. ಅವನು ಒಲಿಂಡಾಳತ್ತ ನೋಡಿದ.

ಅವಳ ಜೀವವೆಲ್ಲ ಮುಂದಕ್ಕೆ ಹಾರಿತು. ಕಾಲು ಮಾತ್ರ ಕದಲಲಿಲ್ಲ.

"ಇನ್ನೊಮ್ಮೆ ಹಿಡಿಯಿರಿ," ಎಂದಳು.

"ಜೆಜು ಮರಿಯೆ!" ವೆರೊನಿಕಾ ಬಾಯಿ ಎದೆ ಬಡಿದುಕೊಂಡರು. "ಕಲ್ಲು ಮಾರಾಯ್ತಿ ನೀನು! ಒರೆಸಲಿಕ್ಕೆ ಒಂದು ಬಟ್ಟೆ ಕೊಡಲಿಕ್ಕೂ ಕೈ ಬರುವುದಿಲ್ಲವಾ?"

ಜೋಕಿಮ್ ಎದ್ದು ನಿಂತ. "ಬೇಡ ಅಮ್ಮ. ಅಂದು ನಾನು ಬೈದದ್ದಕ್ಕೆ ಇವತ್ತು ಸೇಡು ತೀರಿಸಿದರು ಇವರು. ಸಂತೋಷ ಆಯಿತಲ್ವಾ ಮಿಸ್? ನಾಳೆ ನಾನು ಊರಿಗೆ ಹೋಗುತ್ತೇನೆ. ಈ ಕೈ ಹೀಗೆಯೇ ಇರಲಿ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಉತ್ತರ ಕೊಡಲು ಅವಳು ಬಾಯಿ ತೆರೆಯುವಷ್ಟರಲ್ಲಿ ಅವನು ಹೊರಟೇಹೋಗಿದ್ದ.

ಬಾವಿಕಟ್ಟೆಯ ಬಳಿ ಕೂತು ಅವಳು ಮನಸಾರೆ ಅತ್ತಳು. ಅವನು ಈಗ ಹೋದರೆ ಆ ಬೆರಳುಗಳು ಜನ್ಮಕ್ಕೂ ಸೂಜಿ ಹಿಡಿಯಲಾರವು. ಅವಳ ಸಂಕಟ ಅದೇ. ನನ್ನನ್ನು ದ್ವೇಷಿಸಲಿ ದೇವಾ, ಆದರೆ ಕೈಯನ್ನು ಬಿಟ್ಟು ಹೋಗದಿರಲಿ...

ಮರುದಿನ ಬೆಳಿಗ್ಗೆ ವಾರ್ಡಿನಲ್ಲಿ ಜೋಕಿಮ್ ಗಂಟು ಕಟ್ಟುತ್ತಿದ್ದ. ಪಕ್ಕದ ಮಂಚದಲ್ಲಿದ್ದವನು ನಂದಿಕೂರಿನ ಮುದ್ದಣ್ಣ. ಶೇಂದಿ ಇಳಿಸುವಾಗ ತೆಂಗಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡವನು. ಕೈಕೆಲಸದ ಕೋಣೆಯ ಹಿಂದಿನ ಗೋಡೆಗೆ ಒರಗಿ ಬುಟ್ಟಿ ನೇಯುವುದು ಅವನ ಪಾಠ.

"ನಿನ್ನೆ ನೀನು ಆ ಹುಡುಗಿಯ ಮುಖ ಕಂಡೆ ಅಲ್ವಾ ಮಾರಾಯ?" ಎಂದ ಮುದ್ದಣ್ಣ.

"ಕಂಡೆ. ಕಲ್ಲಿನ ಮುಖ."

"ನಾನು ಅವಳ ಹಿಂದೆ ಕೂತಿದ್ದೆ. ನಾನು ಕಂಡದ್ದು ಕೈ." ಮುದ್ದಣ್ಣ ನಿಧಾನವಾಗಿ ಹೇಳಿದ. "ನಿನ್ನ ಬಟ್ಟಲು ಮಗುಚಿದ ಕೂಡಲೇ ಬಲಗೈ ಹಾರಿ ಹೊರಟಿತು. ಎಡಗೈ ಅದನ್ನು ಹಿಡಿದು ಎಳೆಯಿತು. ಕರು ಹಾಲಿಗೆ ಹಗ್ಗ ಜಗ್ಗುವುದಿಲ್ಲವಾ, ಹಾಗೆ! ಉಗುರು ಊರಿ ರಕ್ತ ಬಂತು. ಬಿಡಲಿಲ್ಲ ಅವಳು. ನಿನ್ನನ್ನು ಮುಟ್ಟಿದರೆ ಟೀಚರ್ ಮನೆಗೆ ಕಳಿಸುತ್ತಾರೆ, ಅದು ಕೋಣೆಯಲ್ಲಿ ಎಲ್ಲರಿಗೂ ಗೊತ್ತುಂಟು. ನಿನಗೆ ಮಾತ್ರ ಗೊತ್ತಿಲ್ಲ!"

ಜೋಕಿಮನ ಕೈಯಿಂದ ಗಂಟು ಜಾರಿತು.

ಅವನು ಕೈಕೆಲಸದ ಕೋಣೆಗೆ ಹೋದಾಗ ಒಲಿಂಡಾ ಒಬ್ಬಳೇ ಮೇಜು ಒರೆಸುತ್ತಿದ್ದಳು. ಮಣಿಕಟ್ಟಿನ ಮೇಲೆ ಟಿಂಚರ್ ಹಚ್ಚಿದ ಉಗುರಿನ ಗುರುತುಗಳಿದ್ದವು.

"ಯಾಕೆ ಹೇಳಲಿಲ್ಲ?" ಎಂದ ಅವನು.

"ಹೇಳಲಿಕ್ಕೆ ನೀವು ಬಿಟ್ಟಿರಾ?"

"ನಾನೊಬ್ಬ ಮೂರ್ಖ. ಬಾಯಿಗೆ ಬಂದದ್ದು ಹೇಳಿದೆ. ಕ್ಷಮಿಸುತ್ತೀರಾ?"

"ಊರಿಗೆ ಹೋಗುವುದಿಲ್ಲ ಅಂದರೆ ಕ್ಷಮಿಸುತ್ತೇನೆ." ಅವಳ ಕಣ್ಣೀರು ಕಟ್ಟೆಯೊಡೆಯಿತು. "ಇಷ್ಟು ದೂರ ಬಂದ ಕೈ ಅದು... ಬಿಟ್ಟು ಹೋಗಬೇಡಿ..."

ಆ ಮಧ್ಯಾಹ್ನ ಅವನು ಮತ್ತೆ ಗಂಜಿ ತರಿಸಿದ. ಅರ್ಧ ಉಂಡ, ಅರ್ಧ ಚೆಲ್ಲಿದ. ಚೆಲ್ಲಿದ್ದನ್ನು ತಾನೇ ಒರೆಸಿದ.

ಈಸ್ಟರ್ ಕಳೆದ ಮೇಲೆ ದೊಡ್ಡ ಡಾಕ್ಟರು ಪರೀಕ್ಷೆಗೆ ಬಂದರು. ಸೂಜಿಗೆ ನೂಲು ಪೋಣಿಸಿ ಅಂಗಿಗೊಂದು ಗುಂಡಿ ಹೊಲಿಯಬೇಕಿತ್ತು. ನೂಲು ಒಮ್ಮೆ ತಪ್ಪಿತು, ಮತ್ತೊಮ್ಮೆ ತಪ್ಪಿತು. ಒಲಿಂಡಾ ಉಸಿರು ಬಿಗಿಹಿಡಿದು ನಿಂತಳು. ಆಮೇಲೆ ನೂಲು ಸಲೀಸಾಗಿ ದಾಟಿತು!

ಹೊಲಿದ ಗುಂಡಿಯನ್ನು ಡಾಕ್ಟರು ಎಳೆದು ನೋಡಿದರು. ಅದು ಅಲುಗಲಿಲ್ಲ.

"ಅಂಗಡಿ ತೆರೆಯಬಹುದು," ಎಂದರು ಅವರು.

ಮೇಬಲ್ ಟೀಚರ್ ಒಲಿಂಡಾಳ ಬೆನ್ನು ತಟ್ಟಿದರು. "ನೀನು ಇಲ್ಲಿಯೇ ಇರುತ್ತೀ. ಮುಂಬಯಿ ಮಾವನಿಗೆ ಹೇಳಿಬಿಡು." ಎಷ್ಟೋ ದಿನದಿಂದ ಎದೆಯ ಮೇಲಿದ್ದ ಭಾರ ಇಳಿದು ಅವಳು ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತಳು. ವೆರೊನಿಕಾ ಬಾಯಿ ಬಂದು ಅವಳ ಎರಡೂ ಕೈ ಹಿಡಿದುಕೊಂಡು, "ಮಗಳೇ, ನನ್ನ ನಾಲಿಗೆ ಸುಡಲಿ," ಎಂದು ಅತ್ತರು.

ಸಂಜೆ ಬಸ್ಸಿಗೆ ಕಾಯುವಾಗ ಅಮ್ಮನನ್ನು ನೆರಳಲ್ಲಿ ಕೂರಿಸಿ, ಜೋಕಿಮ್ ಒಲಿಂಡಾಳ ಬಳಿ ಬಂದ.

"ಬರುವ ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಅಮ್ಮ ಉದ್ಯಾವರಕ್ಕೆ ಬರುತ್ತಾರಂತೆ. ನಿಮ್ಮ ಅಮ್ಮನ ಹತ್ತಿರ ಮಾತಾಡಲಿಕ್ಕೆ."

"ಎಂತ ಮಾತು?"

"ನೀವು ಇಲ್ಲದೆ ನನಗೆ ಆಗುವುದಿಲ್ಲ ಎನ್ನುವ ಮಾತು."

"ನನ್ನ ತರಬೇತಿ ಮುಗಿಯಬೇಕು. ಮದುವೆ ಆದ ಮೇಲೂ ನಾನು ಈ ಕೆಲಸ ಬಿಡುವುದಿಲ್ಲ."

"ಬಿಡಿ ಅಂತ ಹೇಳುವವನು ಮೊದಲು ಈ ಬಲಗೈಯನ್ನು ವಾಪಸು ಕೊಡಬೇಕಾದೀತು. ನಾನು ಕಾಯುತ್ತೇನೆ. ಮದುವೆಯ ರವಿಕೆ ಮಾತ್ರ ನಾನೇ ಹೊಲಿಯುವುದು, ಬೇರೆ ಯಾರಿಗೂ ಕೊಡಬಾರದು."

"ಹಾಗಾದರೆ ಭಾನುವಾರ ಅಮ್ಮನ ಕೈಯಲ್ಲಿ ಅಳತೆಯ ಟೇಪು ಕಳಿಸಿ."

"ಅಳತೆ ಯಾಕೆ? ಇಷ್ಟು ದಿನ ಎದುರಿಗೇ ನಿಂತಿದ್ದಿರಲ್ಲ. ಟೈಲರನಿಗೆ ಕಣ್ಣಳತೆ ಸಾಕು."

"ಛೀ! ನಾನು ಕೈ ನೋಡಿ ಅಂದರೆ ನೀವು ನೋಡುತ್ತಿದ್ದದ್ದು ಅದನ್ನಾ?"

"ಇಲ್ಲದಿದ್ದರೆ ಈ ಕೈ ಇಷ್ಟು ಬೇಗ ಗುಣ ಆಗುತ್ತಿತ್ತಾ ಒಲಿಂಡಾ?"